ಕಲ್ಲಿನಲ್ಲಿಲ್ಲದ ಹೆಸರು

ಸತ್ತವರಲ್ಲೂ ಜಾತಿ ಇದೆ ಅನ್ನೋದು ನಮಗೆ ಹೊಸ ಮಾತಲ್ಲ. ಊರಿಗೊಂದು ಸ್ಮಶಾನ, ಕೇರಿಗೊಂದು ಸ್ಮಶಾನ ಕಂಡವರು ನಾವು. ಆದರೆ ಕಾಗದದಲ್ಲಿ, ಕಲ್ಲಿನಲ್ಲಿ ಸತ್ತವರನ್ನು ಹೇಗೆ ಬೇರೆ ಬೇರೆಯಾಗಿ ಹೂಳುತ್ತಾರೆ ಅನ್ನೋದನ್ನೂ ವಿಮರ್ಶೆ ನೋಡಬೇಕು. ಕಾವ್ಯ, ಕಾದಂಬರಿ ಮಾತ್ರ ಕೃತಿಯಲ್ಲ. ಪಲ್ಟನ್ನಿನ ರಿಜಿಸ್ಟರೂ ಒಂದು ಕೃತಿಯೇ. ಅದನ್ನು ಬರೆದವನಿದ್ದಾನೆ, ಬರೆಸಿದವನಿದ್ದಾನೆ. ಅದರಲ್ಲಿ ಬರೆಯದೆ ಬಿಟ್ಟವನೂ ಇದ್ದಾನೆ.

ಬೆಂಗಳೂರಿನ ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. ಬ್ಲ್ಯಾಕ್‌ಪಲ್ಲಿ, ಅಂದರೆ ಇವತ್ತಿನ ಶಿವಾಜಿನಗರ, ಮತ್ತು ಹಲಸೂರು ಬೆಳೆದದ್ದು ಆ ದಂಡಿನ ಬೆನ್ನಿಗೆ. ತಮಿಳು ಸೀಮೆಯಿಂದ ಪರಯರು ಬಂದರು, ಸುತ್ತಣ ಹಳ್ಳಿಗಳಿಂದ ಹೊಲೆಯರು, ಮಾದಿಗರು ಬಂದರು. ದೊರೆಗಳ ಅಡಿಗೆ ಮಾಡಿದರು, ಕುದುರೆ ತೊಳೆದರು, ಕಕ್ಕಸು ಬಳಿದರು. ಸಿಪಾಯಿಗಳೂ ಆದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟಿಷರು 'ಯುದ್ಧ ಜಾತಿ' ಎಂಬ ಹೊಸ ಮನುಧರ್ಮ ಬರೆದಾಗ ಕಾಲ್ದಳದಲ್ಲಿ ನಮ್ಮೋರಿಗೆ ಜಾಗ ಕಡಿಮೆ ಮಾಡಿದರು. ಮದರಾಸು ಸೈನ್ಯದಲ್ಲಿ ಮುಖ್ಯವಾಗಿ ಉಳಿದ ಬಾಗಿಲು ಎರಡು: ಹಲಸೂರು ಕೆರೆ ಪಕ್ಕದ ಸ್ಯಾಪರ್ಸು, ಮತ್ತೆ ಪಯೋನಿಯರ್ಸು. ಕಂದಕ ತೋಡೋದು, ರಸ್ತೆ ಹಾಕೋದು, ಸೇತುವೆ ಕಟ್ಟೋದು. ಬಂದೂಕಿನ ಜೊತೆಗೆ ಗುದ್ದಲಿ.

1914ರಲ್ಲಿ ಮಹಾಯುದ್ಧ ಬಂತು. 61ನೆಯ ಪಯೋನಿಯರ್ಸ್ ಪೂರ್ವ ಆಫ್ರಿಕಾದ ಟಾಂಗಾಕ್ಕೆ ಹೋಯಿತು. 27ನೆಯ ಬೆಂಗಳೂರು ಬ್ರಿಗೇಡೂ ಅದೇ ದಂಡಯಾತ್ರೆಯಲ್ಲಿತ್ತು. ನವೆಂಬರ್ ಮೊದಲ ವಾರದಲ್ಲಿ ಹಡಗಿಳಿದವರು ಜರ್ಮನರ ಕೈಯಲ್ಲಿ ಸೋತು ಮತ್ತೆ ಹಡಗು ಹತ್ತಿದರು. ಸತ್ತವರೆಷ್ಟು? ಒಂದು ಲೆಕ್ಕದಲ್ಲಿ ಒಟ್ಟು ನಷ್ಟ 817: ಸತ್ತವರು 359, ಗಾಯಗೊಂಡವರು 310, ಕಾಣೆಯಾದವರು 148. ಇನ್ನೊಂದು ಲೆಕ್ಕದಲ್ಲಿ ಸತ್ತವರು 360, ಗಾಯಗೊಂಡವರು 487, ಒಟ್ಟು 847. ನಡುವೆ ಮೂವತ್ತು ಜೀವ. ಸಂತೆಯಲ್ಲಿ ಮೂವತ್ತು ಕುರಿ ತಪ್ಪಿದರೂ ಕೇಳೋರಿರುತ್ತಾರೆ.

ಆ 148 ಜನರ ಕಡೆ ನೋಡಿ. 'ಕಾಣೆ' ಅಂದರೆ ಬದುಕಿದ್ದಾನೆ ಅಂತಲೂ ಅಲ್ಲ, ಸತ್ತ ಅಂತಲೂ ಅಲ್ಲ. ಮನೆಯಲ್ಲಿ ಹೆಂಡತಿ ಕುಂಕುಮ ಅಳಿಸಬೇಕೋ ಬೇಡವೋ? ಕಾಣೆಯಾದವನು ಸತ್ತ ಅಂತ ಒಬ್ಬ ಸಾಹೇಬ ಒಂದು ದಿನ ತೀರ್ಮಾನ ಮಾಡುತ್ತಾನೆ. ಅದು ಸಾಹೇಬನ ತಾರೀಖು. ಮನೆಯವರ ತಾರೀಖು ಬೇರೆ. ಸುದ್ದಿ ಬಂದ ದಿನವೋ, ದುಡ್ಡು ನಿಂತ ತಿಂಗಳೋ ಅವರ ಪಾಲಿಗೆ ಅವನು ಸತ್ತ ದಿನ.

ಹಲಸೂರಿನ ಒಂದು ಮನೆಯ ಮುನಿಸ್ವಾಮಿ ಎಂದಿಟ್ಟುಕೊಳ್ಳಿ. ಮೊಮ್ಮಗನ ಮಗಳು ಈಗ ಹುಡುಕಲು ಹೊರಡುತ್ತಾಳೆ. ಇಂಗ್ಲಿಷ್ ಬರೆಯುವ ಗುಮಾಸ್ತ ಆ ಹೆಸರನ್ನು ಒಂದು ಕಡೆ ಮುನಿಸಾಮಿ, ಇನ್ನೊಂದು ಕಡೆ ಮೂನಿಸಾಮಿ ಅಂತ ಬರೆದಿರಬಹುದು. ಅದೇ ಹೆಸರಿನವರು ಪಲ್ಟನ್ನಿನ ತುಂಬ. ಜಾತಿಯ ಕಾಲಮಿನಲ್ಲಿ ಮೊದಲು 'ಪರಯ'. 1922ರಲ್ಲಿ ಮದರಾಸು ಸರ್ಕಾರ 'ಆದಿ ದ್ರಾವಿಡ' ಎಂಬ ಹೆಸರನ್ನು ಒಪ್ಪಿತು, ಕಾಗದದಲ್ಲಿ ಜಾತಿಯೂ ಬದಲಾಯಿತು. ಕೇರಿ ಕ್ರೈಸ್ತವಾಗಿದ್ದರೆ ಹೆಸರೂ ಬೇರೆ. ಅವನ ಹುಟ್ಟೂರು ಮದರಾಸು ಪ್ರಾಂತ್ಯದ್ದು. ಹಲಸೂರು ಬ್ರಿಟಿಷ್ ರೆಸಿಡೆಂಟನ ಕೈಕೆಳಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನದು. 1947ರ ಜುಲೈವರೆಗೂ ಅದು ಮೈಸೂರಿಗೆ ಸೇರಿರಲಿಲ್ಲ. ಹೆಂಡತಿಯ ತವರು ಕೆ.ಆರ್.ಪುರದ ಕಡೆ ಹಳ್ಳಿಯಾದರೆ ಅದು ಮೈಸೂರು ಸಂಸ್ಥಾನ. ಒಂದು ಕುಟುಂಬ, ಮೂರು ಸರ್ಕಾರ.

ಅಜ್ಜಿ ಹೇಳೋದು: "ಬಸ್ರಾಕ್ಕೆ ಹೋದೋನು ಗುಂಡು ಬಿದ್ದು ಸತ್ತ." ಕಾಗದ ಹೇಳಬಹುದು: ರೋಗದಿಂದ ಸತ್ತ. ಯಾರದು ಸುಳ್ಳು? ಅವಸರ ಬೇಡ. ಪೂರ್ವ ಆಫ್ರಿಕಾದಲ್ಲಿ ಗುಂಡಿಗಿಂತ ರೋಗ ಹೆಚ್ಚು ಜನರನ್ನು ತಿಂದಿತು. ಅಜ್ಜಿಗೆ 'ಗುಂಡು' ಅನ್ನೋದು ಮಾನದ ಸಾವು. ಕಾಗದಕ್ಕೆ 'ರೋಗ' ಅನ್ನೋದು ಒಂದು ಕಾಲಮು. ಹೊಟ್ಟೆಗಿಲ್ಲದೆ ಬಂದ ರೋಗವೋ, ಔಷಧಿ ಸಿಗದೆ ಬೆಳೆದ ರೋಗವೋ ಅದು ಹೇಳುವುದಿಲ್ಲ. ಎರಡೂ ಸಾಕ್ಷಿಗಳೇ. ಎರಡನ್ನೂ ಪಾಟೀ ಸವಾಲಿಗೆ ನಿಲ್ಲಿಸಬೇಕು.

ಇನ್ನು ಕಲ್ಲಿನ ಮಾತು. ಇಂಪೀರಿಯಲ್ ಯುದ್ಧ ಸಮಾಧಿ ಆಯೋಗ ಹುಟ್ಟಿದ್ದು 1917ರಲ್ಲಿ. ಸತ್ತವರಲ್ಲಿ ದರ್ಜೆ, ಜನಾಂಗ, ಧರ್ಮದ ಭೇದವಿಲ್ಲ ಅನ್ನೋದು ಅದರ ತತ್ವ. 1929ರ ಮಾರ್ಚ್‌ನಲ್ಲಿ ಬಸ್ರಾದ ಸ್ಮಾರಕ ತೆರೆದರು. ಸಮಾಧಿ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಮಂದಿಗೆ ಅದು ಸ್ಮಾರಕ. ಬಿಳಿ ಸೋಲ್ಜರಿಗೆ ಅದರಲ್ಲಿ ಹೆಸರಿದೆ. ಭಾರತದ ಅಧಿಕಾರಿಗೂ ಹೆಸರಿದೆ. ಭಾರತದ ಸಾಮಾನ್ಯ ಸಿಪಾಯಿಗೆ? ಪಲ್ಟನ್ನಿನ ಹೆಸರು, ಎದುರಿಗೆ ಒಂದು ಸಂಖ್ಯೆ. ಅವನ ಹೆಸರು ಪಟ್ಟಿಯ ಪುಸ್ತಕದಲ್ಲಿ ಉಳಿಯಿತು, ಕಲ್ಲಿಗೆ ಹತ್ತಲಿಲ್ಲ. 2021ರ ಏಪ್ರಿಲ್‌ನಲ್ಲಿ ಅದೇ ಆಯೋಗ (ಈಗಿನ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ) ತಪ್ಪೊಪ್ಪಿ ಕ್ಷಮೆ ಕೇಳಿತು. ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000 ಮಂದಿಗೆ, ಹೆಸರಿನ ಸ್ಮರಣೆ ಇಲ್ಲ, ಇಲ್ಲವೇ ಸ್ಮರಣೆಯೇ ಇಲ್ಲ ಎಂದು ಅದರ ವರದಿ ಹೇಳುತ್ತದೆ. ಆ ಅಂದಾಜನ್ನೇ ನೋಡಿ. ಕಡಿಮೆ ಲೆಕ್ಕಕ್ಕೂ ಹೆಚ್ಚು ಲೆಕ್ಕಕ್ಕೂ ನಡುವೆ ಎರಡು ಲಕ್ಷಕ್ಕೂ ಮೀರಿದ ಜನ.

ಕಲ್ಲಿನಲ್ಲಿ ಆಳಿನ ಹೆಸರು ಬರೆಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಬೆಂಗಳೂರು ಎಂಬ ಹೆಸರು ಇರುವ ಬೇಗೂರಿನ ಒಂಬತ್ತನೆಯ ಶತಮಾನದ ವೀರಗಲ್ಲು ಹೇಳೋದು ಬೆಂಗಳೂರಿನ ಕಾಳಗದಲ್ಲಿ ಸತ್ತವನ ಸುದ್ದಿಯನ್ನೇ, ಅವನ ಹೆಸರಿನ ಸಮೇತ. 1818ರ ಕೋರೆಗಾಂವ್ ಕಾಳಗದ ಸ್ತಂಭದಲ್ಲಿ ಮಹಾರ್ ಸಿಪಾಯಿಗಳ ಹೆಸರು ಕೊರೆದಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. ಇವತ್ತೂ ಲಕ್ಷಗಟ್ಟಲೆ ಜನ ಹೋಗುತ್ತಾರೆ. ಹೆಸರಿದ್ದ ಕಡೆಗೆ ಜನ ಹೋಗುತ್ತಾರೆ. ಸಂಖ್ಯೆಗೆ ಯಾರು ಹೂವಿಡುತ್ತಾರೆ?

ಹಾಗಂತ ಸಿಪಾಯಿ ಅಜ್ಜನನ್ನು ಅಟ್ಟಕ್ಕೇರಿಸುವುದೂ ಬೇಡ. ಅವನು ಸಾಮ್ರಾಜ್ಯದ ಕೂಲಿ. ಆಫ್ರಿಕಾದ ಬಡವನ ಎದುರಿಗೆ ಭಾರತದ ಬಡವನನ್ನು ನಿಲ್ಲಿಸಿದ ಯುದ್ಧ ಅದು. ಅವನನ್ನು ದ್ರೋಹಿ ಅನ್ನುವ ರಾಷ್ಟ್ರಭಕ್ತರಿಗೆ ಒಂದು ಪ್ರಶ್ನೆ: ಬಾವಿ ಮುಟ್ಟಲು ಬಿಡದ ಊರು ಅವನಿಗೆ ಯಾವ ದೇಶ ಕೊಟ್ಟಿತ್ತು? ಹೊಟ್ಟೆಗಾಗಿ ಹೋದ, ಬೂಟಿಗಾಗಿ ಹೋದ, ಊರ ಗೌಡನ ಮುಂದೆ ತಲೆಯೆತ್ತಿ ನಡೆಯುವ ಆಸೆಗೆ ಹೋದ. ಯುದ್ಧ ಮುಗಿಯಿತು, 1933ರಲ್ಲಿ ಪಯೋನಿಯರ್ ಪಲ್ಟನ್ನುಗಳನ್ನೇ ಬರಖಾಸ್ತು ಮಾಡಿದರು. ಬ್ರಿಗೇಡ್ ರಸ್ತೆಯ ತುದಿಯಲ್ಲಿ ಮದರಾಸು ಪಯೋನಿಯರ್ಸಿನ ಸ್ಮಾರಕ ನಿಂತಿದೆ. ಅಂಗಡಿ ನೋಡುತ್ತಾ ಜನ ದಾಟಿ ಹೋಗುತ್ತಾರೆ.

ಗೆಳೆಯರೆ, ಮೇಷ್ಟ್ರುಗಳೆ, ಮರ್ಫಿ ಟೌನ್, ಶಿವಾಜಿನಗರ, ಕೆ.ಆರ್.ಪುರದ ಕೇರಿಗಳಲ್ಲಿ ವಯಸ್ಸಾದವರು ಇನ್ನೂ ಇದ್ದಾರೆ. ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಕಳಿಸಿ. ಮನೆಯವರು ಹೇಳಿದ ಹೆಸರು, ಊರು, ಸಾವು ಒಂದು ಕಡೆ ಬರೆಯಲಿ. ಕಾಗದ ಸಿಕ್ಕರೆ ಅದರ ಮಾತು ಎದುರು ಪುಟದಲ್ಲಿ ಬರೆಯಲಿ. ಎರಡೂ ಹೊಂದದಿದ್ದರೆ ಒಂದನ್ನು ಅಳಿಸಬೇಡಿ. ಹೊಂದದ ಜಾಗದಲ್ಲೇ ಗುಮಾಸ್ತನ ಕೈ ಕಾಣುತ್ತದೆ, ಜಾತಿ ಕಾಣುತ್ತದೆ, ವಿಧವೆಯ ಕಾಯುವಿಕೆ ಕಾಣುತ್ತದೆ. ತಾರೀಖು ಸಿಗದೆ ಹೋದರೂ ಹೆಸರು ಸಿಕ್ಕೀತು. ಅದನ್ನು ಬರೆದಿಡುವ ಕೆಲಸಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ.