ಯಂತ್ರದ ಕರಡು, ಬರಹಗಾರರ ಕೂಲಿ

ಕಚೇರಿಗೆ ಎಐ ತಂದಾಗ ನೌಕರರು ಮುಖ ಸಿಂಡರಿಸಿದರೆ ‘ಬದಲಾವಣೆಗೆ ಹೆದರುತ್ತಾರೆ, ತರಬೇತಿ ಕೊಡಿ’ ಎಂದು ಆಡಳಿತ ಮಂಡಳಿಗಳು ಷರಾ ಬರೆದುಬಿಡುತ್ತವೆ. ಅಮೆರಿಕದ ಚಿತ್ರಕಥೆಗಾರರ ಸಂಘ ಡಬ್ಲ್ಯೂಜಿಎ 2023ರಲ್ಲಿ 148 ದಿನ ಮುಷ್ಕರ ಹೂಡಿ ಪಡೆದ ಒಪ್ಪಂದವನ್ನು ಈ ಮಂಡಳಿಗಳು ಒಮ್ಮೆ ಓದಬೇಕು. ಪ್ರತಿರೋಧದ ದಾಖಲೆಗಳಲ್ಲಿ ಇಷ್ಟು ಜಾಣತನದ್ದು ನಾನು ಬೇರೆ ಕಂಡಿಲ್ಲ. ಅದರ ಕೊರತೆಯೂ ಸಣ್ಣದಲ್ಲ.

ಎಐ ಬೇಡವೇ ಬೇಡ ಎಂಬ ಹಟ ಅದರಲ್ಲಿಲ್ಲ. ಸಂಘ ಪಟ್ಟು ಹಿಡಿದದ್ದು ಕೂಲಿಯ ಲೆಕ್ಕಕ್ಕೆ. ಹಾಲಿವುಡ್‌ನಲ್ಲಿ ಮೊದಲ ಕರಡು ಬರೆಯುವವರಿಗೆ ಸಂಭಾವನೆ ಹೆಚ್ಚು, ಇನ್ನೊಬ್ಬರ ಕರಡನ್ನು ತಿದ್ದಿ ಬರೆಯುವವರಿಗೆ ಕಡಿಮೆ. ನಿರ್ಮಾಪಕರೊಬ್ಬರು ಚಾಟ್‌ಜಿಪಿಟಿಯಿಂದ ನೂರು ಪುಟ ಬರೆಯಿಸಿ ‘ಇದನ್ನು ಸ್ವಲ್ಪ ನೋಡಿಕೊಡಿ’ ಎಂದು ಕೈಗಿತ್ತರೆನ್ನಿ. ಬರಹಗಾರರು ಅಷ್ಟನ್ನೂ ಬದಿಗಿಟ್ಟು ಹೊಸದಾಗಿ ಬರೆದರೂ ಸಿಗುವುದು ತಿದ್ದುಪಡಿಯ ದುಡ್ಡು. ಒಪ್ಪಂದ ಈ ಕಳ್ಳದಾರಿಯನ್ನು ಮುಚ್ಚಿತು. ಯಂತ್ರ ಹೊಮ್ಮಿಸಿದ್ದು ಮೂಲಕೃತಿ ಎನಿಸಿಕೊಳ್ಳುವುದಿಲ್ಲ. ಕೊಡುವ ಸಾಮಗ್ರಿಯಲ್ಲಿ ಎಐ ಬರೆದದ್ದಿದ್ದರೆ ಕಂಪನಿ ಮೊದಲೇ ಹೇಳಬೇಕು. ಬಳಸಲೇಬೇಕೆಂದು ಒತ್ತಾಯಿಸುವಂತಿಲ್ಲ, ಕಂಪನಿ ಒಪ್ಪಿದರೆ ಬರಹಗಾರರು ತಾವಾಗಿ ಬಳಸಿಕೊಳ್ಳಬಹುದು. ಮಾತುಕತೆಯ ಮೊದಲ ಸುತ್ತಿನಲ್ಲಿ ಸ್ಟುಡಿಯೋಗಳು ಕೊಡಲು ಮುಂದಾಗಿದ್ದದ್ದು ತಂತ್ರಜ್ಞಾನ ಕುರಿತು ವರ್ಷಕ್ಕೊಂದು ಸಭೆ! (ನಮ್ಮಲ್ಲಾದರೆ ಜೊತೆಗೆ ಕಾಫಿ ಬಿಸ್ಕತ್ತೂ ಇರುತ್ತಿತ್ತು.)

ಇದರ ಪಕ್ಕದಲ್ಲಿ ಇ-ಕಾಮರ್ಸ್ ಕಂಪನಿ ಶಾಪಿಫೈನ ಮುಖ್ಯಸ್ಥ ಟೋಬಿ ಲುಟ್ಕೆ 2025ರ ಏಪ್ರಿಲ್‌ನಲ್ಲಿ ಬಹಿರಂಗಪಡಿಸಿದ ಸುತ್ತೋಲೆಯನ್ನಿಟ್ಟು ನೋಡಬೇಕು. ಹೆಚ್ಚಿನ ಸಿಬ್ಬಂದಿ ಬೇಕೆನ್ನುವ ತಂಡ ಆ ಕೆಲಸ ಎಐನಿಂದ ಯಾಕಾಗದು ಎಂದು ಮೊದಲು ತೋರಿಸಬೇಕು. ಎಐ ಬಳಕೆ ಕೆಲಸದ ಮೌಲ್ಯಮಾಪನಕ್ಕೂ ಸೇರುತ್ತದೆ. ಅಲ್ಲಿ ಸಾಬೀತುಪಡಿಸುವ ಹೊರೆ ನೌಕರರ ಮೇಲೆ, ಹಾಲಿವುಡ್‌ನಲ್ಲಿ ಹೇಳಿಕೊಳ್ಳುವ ಹೊಣೆ ಕಂಪನಿಯ ಮೇಲೆ. ಬೆಂಗಳೂರಿನ ಐಟಿ ನೌಕರರ ಪಾಲಿಗೆ ಬರುವುದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆ ನೇಮಕಾತಿ ಪತ್ರ ಇರುವ ಕಡೆ ಚೌಕಾಸಿಗೆ ಕೂರುವವರಾರು? ಪ್ರತಿರೋಧ ಕ್ಯಾಂಟೀನಿನ ಗೊಣಗಾಟದಲ್ಲೇ ತೀರಿಹೋಗುತ್ತದೆ.

ಹಾಲಿವುಡ್‌ನ ಒಪ್ಪಂದ ಎಡವಿದ್ದು ತರಬೇತಿಯ ವಿಷಯದಲ್ಲಿ. ನೌಕರರ ತರಬೇತಿಯಲ್ಲ, ಯಂತ್ರದ್ದು. ಬರಹಗಾರರ ಕೃತಿಗಳನ್ನು ಎಐಗೆ ಉಣಿಸುವುದು ನಿಷಿದ್ಧ ಎಂದು ವಾದಿಸುವ ಹಕ್ಕನ್ನು ಸಂಘ ಕಾಯ್ದಿರಿಸಿಕೊಂಡಿತು, ಅಷ್ಟೆ. ನಿಷೇಧವನ್ನೇ ಬರೆಸಿಕೊಳ್ಳಲು ಆಗಲಿಲ್ಲ. 2024ರ ನವೆಂಬರ್‌ನಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆ 53,000ಕ್ಕೂ ಹೆಚ್ಚು ಸಿನಿಮಾಗಳ ಸಂಭಾಷಣೆ ಎಐ ತರಬೇತಿಗೆ ಬಳಕೆಯಾದುದನ್ನು ಬಯಲಿಗೆಳೆಯಿತು. ಮರುತಿಂಗಳು ಸಂಘ ಅದೇ ಸ್ಟುಡಿಯೋಗಳಿಗೆ ಪತ್ರ ಬರೆದು, ಎಐ ಕಂಪನಿಗಳ ಮೇಲೆ ಕಾನೂನು ಕ್ರಮಕ್ಕೆ ಮುಂದಾಗಿ ಎಂದು ಕೇಳಬೇಕಾಯಿತು. ಬರೆದವರು ಸದಸ್ಯರೇ ಆದರೂ ಹಕ್ಕುಸ್ವಾಮ್ಯ ಇದ್ದದ್ದು ಸ್ಟುಡಿಯೋಗಳ ಬಳಿ.