ಸಾರಾ ಅಬೂಬಕ್ಕರ್: ಅಚ್ಚಿನ ಮನೆಗೆ ದೂರದ ದಾರಿ

ಕಾದಂಬರಿಕಾರರ ಪಾಡಿನ ಮಾತು ಬಂದಾಗಲೆಲ್ಲ ಪ್ರಕಾಶಕರನ್ನು ದೂರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಸ್ತಪ್ರತಿ ಕಳಿಸಿ ವರ್ಷವಾದರೂ ಉತ್ತರವಿಲ್ಲ, ಕೊನೆಗೆ ಒಂದು ದಿನ ಟಪ್ಪಾಲಿನಲ್ಲಿ ಅದೇ ಕಟ್ಟು ಮರಳಿ ಬಂತು ಎಂಬಂಥ ಕಥೆಗಳು ನಮಗೆ ಬಾಯಿಪಾಠ. ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದನ್ನೂ ಕೇಳಿದ್ದೇವೆ. ಇವೆಲ್ಲ ನಿಜವೇ. ಆದರೆ ಶ್ರೀಮತಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಈಚೆಗೆ ಮತ್ತೊಮ್ಮೆ ಓದಿ ಮುಗಿಸಿದಾಗ ನಮಗೆ ತೋಚಿದ್ದು ಬೇರೆ. ಅವರಿಗೆ ತಡವಾದದ್ದು ಪ್ರಕಾಶಕರ ಮೇಜಿನ ಮೇಲಲ್ಲ. ಅದಕ್ಕೂ ಬಹಳ ಹಿಂದೆ, ಹಸ್ತಪ್ರತಿ ಎಂಬುದೇ ಹುಟ್ಟದಿದ್ದ ಕಾಲದಲ್ಲಿ.

ಸರಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಡತ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತೆಂದು ಕೇಳಿದರೆ ದಾಖಲೆ ತೆಗೆದು ತೋರಿಸಬಹುದು. ಕಚೇರಿಗೇ ಬಾರದ ಅರ್ಜಿಗೆ ಅಂಥ ದಾಖಲೆ ಇರುವುದಿಲ್ಲ. ಸಾಹಿತ್ಯ ಚರಿತ್ರೆಯೂ ಹಾಗೆಯೇ, ತಿರಸ್ಕೃತವಾದ ಹಸ್ತಪ್ರತಿಯ ಲೆಕ್ಕ ಇಡುತ್ತದೆ, ಬರೆಯಲಾಗದೆ ಹೋದ ವರ್ಷಗಳ ಲೆಕ್ಕ ಇಡುವುದಿಲ್ಲ.

ಸಾರಾ ಅವರು ಹುಟ್ಟಿದ್ದು 1936ರ ಜೂನ್ 30ರಂದು, ಕಾಸರಗೋಡಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಮಾತು ಮಲೆಯಾಳ, ಶಾಲೆಯ ಮಾತು ಕನ್ನಡ. ಆ ಊರಿನ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಶಾಲೆಯ ಓದು ಮುಗಿಸಿದ ಮೊದಲಿಗರಲ್ಲಿ ಅವರೊಬ್ಬರು. ಮುಂದೆ ಓದುವ ಆಸೆ ಇತ್ತು. ಸಮುದಾಯದ ಕಟ್ಟುಕಟ್ಟಳೆ ಬಿಡಲಿಲ್ಲ. ಮದುವೆ, ಸಂಸಾರ, ನಾಲ್ವರು ಗಂಡುಮಕ್ಕಳು. ಗ್ರಂಥಾಲಯದ ಸದಸ್ಯತ್ವ ಅವರಿಗೆ ದೊರೆತದ್ದು 1963ರಲ್ಲಿ. ಅಂದರೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ!

ಈ ಇಸವಿಯನ್ನು ನಾವು ಸುಮ್ಮನೆ ಓದಿ ಮುಂದೆ ಹೋಗಬಾರದು. ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ 'ಎ ರೂಮ್ ಆಫ್ ಒನ್ಸ್ ಓನ್' ಪುಸ್ತಕದಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಬಾಗಿಲಲ್ಲಿ ಹೆಂಗಸೊಬ್ಬಳನ್ನು ತಡೆದು ನಿಲ್ಲಿಸುವ ಪ್ರಸಂಗವಿದೆ. ಇಂಗ್ಲಿಷ್ ಬಲ್ಲವರು ಅದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ನಮ್ಮ ಕಾಸರಗೋಡಿನ ಹೆಣ್ಣುಮಗಳು ಊರಿನ ಸಾಮಾನ್ಯ ಗ್ರಂಥಾಲಯದ ಒಂದು ಕಾರ್ಡಿಗಾಗಿ ಕಾದದ್ದನ್ನು ನಾವು ಎಷ್ಟು ಸಲ ಉದಾಹರಿಸಿದ್ದೇವೆ?

ಕಾರ್ಡು ಸಿಕ್ಕ ಮೇಲೂ ಮೊದಲ ಬರಹ ಅಚ್ಚಾಗಲು ಹದಿನೆಂಟು ವರ್ಷ ಹಿಡಿಯಿತು. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಕೋಮು ಸೌಹಾರ್ದವನ್ನು ಕುರಿತ ಅವರ ಲೇಖನ ಬೆಳಕು ಕಂಡಿತು. ಆಗ ಲೇಖಕಿಗೆ ನಲವತ್ತೈದು ವರ್ಷ. ತೀರ್ಥಹಳ್ಳಿಯ ಕಡೆಯ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ಅವರಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಕನ್ನಡದ ಗಂಡಸು ಲೇಖಕರು ಸಮಗ್ರ ಸಂಪುಟದ ಯೋಚನೆ ಶುರುಮಾಡುವ ಪ್ರಾಯದಲ್ಲಿ ನಮ್ಮ ಹೆಂಗಸರು ಮೊದಲ ಪುಟ ಬರೆಯಲು ಕೂರುತ್ತಾರೆ. (ಇದನ್ನು ತಮಾಷೆಗೆ ಹೇಳುತ್ತಿಲ್ಲ.)

'ಲಂಕೇಶ್ ಪತ್ರಿಕೆ' 1980ರಲ್ಲಿ ಹೊರಟ ವಾರಪತ್ರಿಕೆ. ಜಾಹೀರಾತು ತೆಗೆದುಕೊಳ್ಳದೆ ಓದುಗರ ದುಡ್ಡಿನಿಂದಲೇ ನಡೆದದ್ದು. ಅದರ ಭಾಷೆ, ಧಾಟಿ ಎಲ್ಲರಿಗೂ ಹಿಡಿಸುತ್ತಿತ್ತೆಂದು ನಾವು ಹೇಳುವುದಿಲ್ಲ. ನಮ್ಮಲ್ಲೇ ಕೆಲವು ಮನೆಗಳಲ್ಲಿ ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡುತ್ತಿದ್ದರು. ಆದರೆ ಸಾಹಿತ್ಯ ವಲಯದಲ್ಲಿ ಗುರುತು ಪರಿಚಯ ಇಲ್ಲದವರಿಗೆ ಆ ಬಾಗಿಲು ತೆರೆದಿತ್ತೆಂಬುದನ್ನು ಅದರ ವಿರೋಧಿಗಳೂ ಒಪ್ಪಬೇಕು. 'ಹಾರ್ಟ್ ಲ್ಯಾಂಪ್' ಕೃತಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರೂ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿ ದುಡಿದವರು. 'ಚಂದ್ರಗಿರಿಯ ತೀರದಲ್ಲಿ' ಮೊದಲು ಅಲ್ಲೇ ಧಾರಾವಾಹಿಯಾಗಿ ಬಂದು ಅನಂತರ ಪುಸ್ತಕವಾಯಿತು. 1984ರಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು.

ಈಗ ಕೃತಿಯ ವಿಚಾರ. ಕಥೆ ತಿಳಿಯದವರಿಗಾಗಿ ಎರಡು ಮಾತು. ಮಹಮ್ಮದ್ ಖಾನ್ ಹಟಮಾರಿ ಮನುಷ್ಯ. ಹೆಂಡತಿ ಫಾತಿಮ್ಮ ಎಳೆಯ ವಯಸ್ಸಿನಲ್ಲೇ ಅವನ ಮನೆ ಸೇರಿದವಳು. ಮಗಳು ನಾದಿರಾ ರಶೀದನನ್ನು ಮದುವೆಯಾಗಿ ಸುಖವಾಗಿದ್ದಾಳೆ. ಅಳಿಯನ ಮೇಲಿನ ಸಿಟ್ಟಿಗೆ ತಂದೆ ಮಗಳನ್ನು ತವರಿನಲ್ಲಿ ಇರಿಸಿಕೊಂಡು, ಗಂಡಹೆಂಡಿರಿಬ್ಬರಿಗೂ ಬೇಡವಾದ ತಲಾಖನ್ನು ಮಾಡಿಸುತ್ತಾನೆ. ಆಮೇಲೆ ಇಬ್ಬರೂ ಮತ್ತೆ ಒಂದಾಗಬೇಕೆಂದರೆ ಅಲ್ಲಿನ ಕಟ್ಟಳೆ ಅಡ್ಡ ಬರುತ್ತದೆ. ನಾದಿರಾ ಬೇರೊಬ್ಬನನ್ನು ಮದುವೆಯಾಗಿ, ಅವನೊಡನೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದು ಬರಬೇಕು. ಅವಳು ಅದರ ಬದಲು ನೀರಿಗೆ ಇಳಿಯುತ್ತಾಳೆ.

ಷಾಬಾನು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1985ರಲ್ಲಿ, ದಿಢೀರ್ ತ್ರಿವಳಿ ತಲಾಖ್ ರದ್ದಾದದ್ದು 2017ರಲ್ಲಿ ಎಂಬುದನ್ನು ನೆನೆದರೆ ಈ ಕಾದಂಬರಿ ಎಷ್ಟು ಮುಂಚೆ ಬಾಯಿ ತೆರೆಯಿತೆಂದು ತಿಳಿದೀತು. ಆದರೆ ನಾವು ಈ ಕೃತಿಯನ್ನು ಮೆಚ್ಚುವುದು ಕಾನೂನಿನ ಕಾರಣಕ್ಕಲ್ಲ. ಹಾಗೆ ಮೆಚ್ಚಿದರೆ ಕಾನೂನು ಬದಲಾದ ದಿನ ಪುಸ್ತಕವನ್ನು ಅಟ್ಟಕ್ಕೆ ಎಸೆಯಬೇಕಾಗುತ್ತದೆ. ಫಾತಿಮ್ಮನ ಪಾತ್ರವನ್ನು ನೋಡಬೇಕು. ಗಂಡನ ಹಟ ತಪ್ಪೆಂದು ಆಕೆಗೆ ಗೊತ್ತು, ಮಗಳ ಬಾಳು ಒಡೆಯುತ್ತಿದೆಯೆಂದೂ ಗೊತ್ತು. ಆದರೂ ಎದುರು ನಿಂತು ಹೇಳುವ ಮಾತು ಅವಳ ಬಳಿ ಇಲ್ಲ, ಏಕೆಂದರೆ ಅಂಥ ಮಾತನ್ನು ಅವಳಿಗೆ ಯಾರೂ ಕಲಿಸಿಲ್ಲ. ಇಂಥ ತಾಯಂದಿರು ಯಾವ ಜಾತಿ ಮತದಲ್ಲಿ ಇಲ್ಲ? ಠಾಕುರ್ಲಿಯ ನಮ್ಮ ಚಾಳುಗಳಲ್ಲಿ, ಒಂದು ಕೋಣೆಯ ಬ್ಲಾಕುಗಳಲ್ಲಿ, ಊರಿನಿಂದ ಮದುವೆಯಾಗಿ ಬಂದು ಅಡುಗೆಮನೆಯ ಕಿಟಕಿಯಿಂದ ರೈಲು ನೋಡುತ್ತ ಇಪ್ಪತ್ತು ವರ್ಷ ಕಳೆದ ಹೆಂಗಸರು ಫಾತಿಮ್ಮನನ್ನು ಗುರುತು ಹಿಡಿಯುತ್ತಾರೆ.

ಭಾಷೆ ತೀರ ಸರಳವಾಯಿತು, ಕಲೆಗಿಂತ ಸುಧಾರಣೆಯ ಹಂಬಲ ಹೆಚ್ಚಾಯಿತು ಎಂಬ ಆಕ್ಷೇಪ ಇಂಥ ಕಾದಂಬರಿಗಳ ಬಗ್ಗೆ ಏಳುವುದುಂಟು. ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ. ರಶೀದ್ ಅತಿಯಾಗಿ ಒಳ್ಳೆಯವನು. ಅವನಲ್ಲಿ ಒಂದಿಷ್ಟು ದೌರ್ಬಲ್ಯ ಕಂಡಿದ್ದರೆ ನಾದಿರಾಳ ದುರಂತ ಇನ್ನೂ ಆಳಕ್ಕೆ ಇಳಿಯುತ್ತಿತ್ತು. ಕೊನೆಯ ಭಾಗದಲ್ಲಿ ಅವಸರವಿದೆ, ಪಾತ್ರ ಆಡಬೇಕಾದ ಮಾತನ್ನು ಲೇಖಕಿಯೇ ಆಡಿಬಿಡುವುದೂ ಉಂಟು. ಮೊದಲ ಆಕ್ಷೇಪವನ್ನು ಮಾತ್ರ ನಾವು ಒಪ್ಪುವುದಿಲ್ಲ. ಈ ಜನ ಮನೆಯಲ್ಲಿ ಆಡುವ ನುಡಿ ಕನ್ನಡವಲ್ಲ. ಅವರ ಜಗಳ, ಜೋಗುಳ, ಪ್ರಾರ್ಥನೆಗಳನ್ನು ಲೇಖಕಿ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ತರಬೇಕಾಗಿತ್ತು. ಬೋಳುವಾರು ಮಹಮದ್ ಕುಂಞಿ ಮೊದಲಾದವರು ಕರಾವಳಿಯ ಮುಸ್ಲಿಂ ಬದುಕನ್ನು ಕನ್ನಡಕ್ಕೆ ಅದಾಗಲೇ ತರತೊಡಗಿದ್ದರು. ಹೆಂಗಸರ ಒಳಕೋಣೆಯೊಳಗಿಂದ ಬಂದ ಬರಹಕ್ಕೆ ಮುಂದೆ ಹಾಕಿದ ಪಂಕ್ತಿ ಇರಲಿಲ್ಲ. ಅದೂ ಅಲ್ಲದೆ ವಾರಪತ್ರಿಕೆಯ ಧಾರಾವಾಹಿ. ಓದುವವಳು ಒಲೆಯ ಮೇಲಿನ ಅನ್ನ ನೋಡಿಕೊಳ್ಳುತ್ತ ಓದುತ್ತಾಳೆ. ಫಾಸ್ಟ್ ಗಾಡಿ ನಿಲ್ಲದ ನಮ್ಮ ಸ್ಟೇಷನ್ನಿನಿಂದ ಸ್ಲೋ ಲೋಕಲಿನಲ್ಲಿ ನಿಂತು ಓದುತ್ತ ಹೋಗುವ ನಮಗೆ ಇದು ಬೇಗ ಅರ್ಥವಾಗುತ್ತದೆ. ತನ್ನಂತೆಯೇ ತಡವಾಗಿ ಪುಸ್ತಕ ಹಿಡಿದವಳಿಗೂ ಎಡವದಂತೆ ಬರೆದ ಕನ್ನಡ ಅದು.

ಹೊಳೆಯ ಬಗ್ಗೆಯೂ ಒಂದು ಮಾತು. ಠಾಣೆಯಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದವರು ಕಾಸರಗೋಡು ಸ್ಟೇಷನ್ ದಾಟಿದ ಸ್ವಲ್ಪ ಹೊತ್ತಿಗೆ ಚಂದ್ರಗಿರಿಯನ್ನು ನೋಡಬಹುದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ್ ಆಯೋಗದ ವರದಿ ಈ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದೇ ವರದಿಯ ಬೆಳಗಾವಿಯ ಮಾತು ಎತ್ತಿ ಆಫೀಸಿನ ಮರಾಠಿ ಗೆಳೆಯರೊಡನೆ ಊಟದ ಹೊತ್ತಿನಲ್ಲಿ ವಾದಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಹೊಳೆಯನ್ನು ಗಡಿಯ ಗೆರೆಯಾಗಿ ನಾವೆಲ್ಲ ಬಲ್ಲೆವು. ಹೆಣ್ಣೊಬ್ಬಳು ತವರಿಗೂ ಗಂಡನ ಮನೆಗೂ ನಡುವೆ ದಾಟಲಾಗದ ನೀರಾಗಿ ಅದನ್ನು ತೋರಿಸಿಕೊಟ್ಟವರು ಸಾರಾ.

ಇನ್ನು ಪ್ರಕಟಣೆಯ ಉಳಿದ ದಾರಿ. ಪುಸ್ತಕ ಬಂದ ಮೇಲೆ ಹಾದಿ ಸುಗಮವಾಯಿತೆಂದು ತಿಳಿಯಬಾರದು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಗೆ ಅವರು ಬರುವುದಕ್ಕೇ ವಿರೋಧ ಎದ್ದಿತು. ಅವರು ಬರವಣಿಗೆ ನಿಲ್ಲಿಸಲಿಲ್ಲ. 'ಸಹನಾ', 'ವಜ್ರಗಳು', 'ಕದನ ವಿರಾಮ' ಒಂದರ ಹಿಂದೊಂದು ಬಂದವು. 1994ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ತಾವೇ 'ಚಂದ್ರಗಿರಿ ಪ್ರಕಾಶನ'ವನ್ನು ಆರಂಭಿಸಿದರು. ನಾವು ನಿವೃತ್ತಿಯ ಪಿಂಚಣಿ ಕಾಗದ ಜೋಡಿಸುವ ವಯಸ್ಸು ಅದು! ಪ್ರಕಾಶನವೆಂದರೆ ಕಾಗದದ ದರ, ಕರಡು ತಿದ್ದುವುದು, ಅಂಗಡಿಯವರಿಂದ ಬಾಕಿ ವಸೂಲಿ. ಇದರಲ್ಲಿ ಕಾವ್ಯವೇನೂ ಇಲ್ಲ. ಆದರೆ ಯಾವುದು ಅಚ್ಚಾಗಬೇಕು, ಯಾವುದು ಮರುಮುದ್ರಣವಾಗಬೇಕು ಎಂಬ ತೀರ್ಮಾನ ಬರೆದವಳ ಕೈಗೇ ಬರುತ್ತದೆ. ನಂಜನಗೂಡಿನ ತಿರುಮಲಾಂಬಾ (1887–1982) ಆ ಶತಮಾನದ ಎರಡನೆಯ ದಶಕದಲ್ಲೇ 'ಸತೀಹಿತೈಷಿಣೀ ಗ್ರಂಥಮಾಲೆ'ಯನ್ನು ಹೊರಡಿಸಿ ಇದನ್ನು ಮಾಡಿದ್ದರು. ಬಾಲವಿಧವೆಯಾಗಿ ಮನೆಯೊಳಗಿದ್ದವರು. ಅವರಿಗೂ ಸಾರಾ ಅವರಿಗೂ ನಡುವೆ ಎಂಬತ್ತು ವರ್ಷ. ಅಷ್ಟರಲ್ಲಿ ಕನ್ನಡದ ಪುಸ್ತಕೋದ್ಯಮ ಎಷ್ಟು ಬೆಳೆದರೂ ಹೆಂಗಸು ತನ್ನ ಅಚ್ಚಿನ ಮನೆಯನ್ನು ತಾನೇ ಕಟ್ಟಿಕೊಳ್ಳಬೇಕಾದ ಅಗತ್ಯ ತಪ್ಪಲಿಲ್ಲ.

ಒಡೆತನದ ಪ್ರಶ್ನೆ ಕೊನೆಯವರೆಗೂ ಬಿಡಲಿಲ್ಲ. 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಚಿತ್ರದೊಡನೆ ಹಂಚಿಕೊಂಡದ್ದು 'ಬ್ಯಾರಿ'. ನಮ್ಮ ಡೊಂಬಿವಲಿ ಕಡೆಯವರಿಗೆ 'ದೇವೂಳ್' ನೆನಪಿದೆ, 'ಬ್ಯಾರಿ' ಎಷ್ಟು ಜನಕ್ಕೆ ನೆನಪಿದೆಯೋ! ಅದರ ಕಥೆ ತಮ್ಮ ಕಾದಂಬರಿಯದೆಂದು, ಅನುಮತಿ ಇಲ್ಲದೆ ಬಳಸಿದ್ದಾರೆಂದು ಸಾರಾ ಅವರು ಮಂಗಳೂರಿನಲ್ಲಿ ನ್ಯಾಯಾಲಯಕ್ಕೆ ಹೋದರು. ತೀರ್ಪು ಅವರ ಪರವಾಯಿತು.

2023ರ ಜನವರಿ 10ರಂದು ಅವರು ತೀರಿಕೊಂಡರು. 'ಹೊತ್ತು ಕಂತುವ ಮುನ್ನ' ಎಂಬ ಅವರ ಆತ್ಮಕಥೆ ಇದೆ. ಹೊಸದಾಗಿ ಓದುವವರು ಅದರಿಂದ ಶುರುಮಾಡಬಾರದೆಂದು ನಮ್ಮ ಅಭಿಪ್ರಾಯ. ಮೊದಲು ಕಾದಂಬರಿ ಓದಬೇಕು. ಇಲ್ಲವಾದರೆ ನಾದಿರಾಳ ಪ್ರತಿ ಮಾತಿನಲ್ಲೂ ಲೇಖಕಿಯನ್ನೇ ಹುಡುಕುವ ಚಾಳಿ ಹತ್ತುತ್ತದೆ, ಫಾತಿಮ್ಮ ಕಣ್ಣಿಗೆ ಬೀಳುವುದಿಲ್ಲ. ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದ 'ಬ್ರೇಕಿಂಗ್ ಟೈಸ್' ಕೂಡ ಉಂಟು. ಕನ್ನಡ ಅಕ್ಷರ ಬಾರದ ನಮ್ಮ ಮಕ್ಕಳ ಕೈಗೆ ಅದನ್ನಾದರೂ ಕೊಡಬಹುದು.