ತಳ ಕೆರೆಯದ ಹಡಗುಗಳು

'ಎಂಪೈರ್: ಟೋಟಲ್ ವಾರ್' ಎಂಬ ಕಂಪ್ಯೂಟರ್ ಆಟ ಬಂದದ್ದು 2009ರ ಮಾರ್ಚಿನಲ್ಲಿ. ಇಷ್ಟು ವರ್ಷವಾದರೂ ಅದರ ಕೆರಿಬಿಯನ್ ಕಡಲ್ಗಳ್ಳರ ಮೇಲಿನ ನನ್ನ ತಕರಾರು ಮುಗಿದಿಲ್ಲ. ಕಳೆದ ವಾರ ವ್ಯಾಪಾರಿ ಹಡಗುಗಳಿಗೆ ಬೆಂಗಾವಲು ಎಷ್ಟಿರಬೇಕು ಎಂದು ಬರೆಯುವಾಗಲೇ ಈ ಮಾತು ನಾಲಿಗೆಯ ತುದಿಗೆ ಬಂದಿತ್ತು, ಜಾಗ ಸಾಲಲಿಲ್ಲ. ಈ ವಾರದ ಅಂಕಣ ಪೂರ್ತಿ ಅದಕ್ಕೇ.

ಆಡುವವರಿಗೆಲ್ಲ ಗೊತ್ತಿರುವ ಪರಿಸ್ಥಿತಿ ಇದು. 1700ರಲ್ಲಿ ಆಟ ಶುರು, ವರ್ಷಕ್ಕೆ ಎರಡು ಸರದಿ. ಬ್ರೆಜಿಲ್ ಕರಾವಳಿಗೋ ಐವರಿ ಕೋಸ್ಟಿಗೋ ನಾಲ್ಕು ವ್ಯಾಪಾರಿ ಹಡಗು ಕಳಿಸಿ ಖಜಾನೆ ತುಂಬುತ್ತಿದೆ ಎನ್ನುವಷ್ಟರಲ್ಲಿ ಕಪ್ಪು ಬಾವುಟದ ದೊಡ್ಡ ದಂಡೊಂದು ಬಂದು ಎಲ್ಲವನ್ನೂ ಮುಳುಗಿಸುತ್ತದೆ. ಸೇಡು ತೀರಿಸಿಕೊಳ್ಳಲು ಹೊರಟರೆ ದ್ವೀಪದ ಸುತ್ತ ಇನ್ನೂ ಎರಡು ದಂಡು ಕಾದಿರುತ್ತವೆ. ಈ ಕಳ್ಳರ ಆಸ್ತಿಯೆಲ್ಲ ಸೇರಿ ಎರಡೇ ಪ್ರಾಂತ್ಯ: ಆಂಟಿಗಾ ಇರುವ ಲೀವರ್ಡ್ ದ್ವೀಪಗಳು, ಮತ್ತು ಟ್ರಿನಿಡಾಡ್. ಇಷ್ಟರ ತೆರಿಗೆಯಲ್ಲಿ ಅಷ್ಟು ಹಡಗುಗಳಿಗೆ ಹಗ್ಗ ಮತ್ತು ಹಾಯಿಬಟ್ಟೆ ಕೊಳ್ಳುವುದೂ ಕಷ್ಟ.

ಚರಿತ್ರೆಯ ಕಣ್ಣಿಂದ ನೋಡಿದರೆ ಇದು ಇನ್ನೂ ವಿಚಿತ್ರ. 1700ರ ಹೊತ್ತಿಗೆ ಆಂಟಿಗಾ ಇಂಗ್ಲಿಷರ ಕೈಗೆ ಬಂದು ಅರವತ್ತು ವರ್ಷ ದಾಟಿತ್ತು. ಮುಂದೆ ಬ್ರಿಟಿಷ್ ನೌಕಾಪಡೆ ಹಡಗು ರಿಪೇರಿಯ ಕಾರ್ಖಾನೆ ಕಟ್ಟಿದ್ದೂ ಅದೇ ದ್ವೀಪದ ಇಂಗ್ಲಿಷ್ ಹಾರ್ಬರ್‌ನಲ್ಲಿ. ಟ್ರಿನಿಡಾಡ್ 1797ರವರೆಗೆ ಸ್ಪೇನಿನದು. ನಿಜವಾದ ಕಡಲ್ಗಳ್ಳರ ಗೂಡು ಬಹಾಮಾಸ್‌ನ ನಸಾವು; ಆಟದಲ್ಲಿ ಆ ಬಹಾಮಾಸ್ ಮೊದಲ ಸರದಿಯಿಂದಲೇ ಬ್ರಿಟನ್ನಿನ ವಶದಲ್ಲಿದೆ. ನೌಕಾಪಡೆಯ ಬಂದರನ್ನು ಕಳ್ಳರಿಗೂ ಕಳ್ಳರ ಬಂದರನ್ನು ನೌಕಾಪಡೆಗೂ ಕೊಟ್ಟ ಆಟದಲ್ಲಿ ಕಡಲು ಸರಿಯಾಗಿ ನಡೆದುಕೊಳ್ಳಬೇಕು ಎಂದರೆ ಹೇಗೆ?

ಇದಕ್ಕೆ ಆಟದ ಕಡತ ತಿದ್ದಿ ಮಾಡ್ ಮಾಡುವವರಲ್ಲಿ ಒಂದು ಪಂಥದ ಉತ್ತರ ಬಹಳ ಸರಳ: ಕಳ್ಳರನ್ನು ಕಡಿಮೆ ಮಾಡಿ. ಅದೇ ಸರಣಿಯ 2004ರ 'ರೋಮ್', ಅದರ ನಂತರದ 'ಮೆಡೀವಲ್ 2' ಆಡಿದವರಿಗೆ ಆ ಆಟಗಳ ಕಡತದಲ್ಲಿರುವ 'ಪೈರೇಟ್ ಸ್ಪಾನ್ ವ್ಯಾಲ್ಯೂ' ಎಂಬ ಸಾಲು ನೆನಪಿರುತ್ತದೆ. ಅಲ್ಲಿಯ ಅಂಕಿ ಬದಲಿಸಿದರೆ ಸಾಕು, ಮೆಡಿಟರೇನಿಯನ್ ಶಾಂತ. ಈ ಪಂಥದ ಜೊತೆ ನನ್ನದು ಹಳೆಯ ಜಗಳ, ಇವತ್ತೂ ರಾಜಿಯಿಲ್ಲ. ಕಳ್ಳರಿಲ್ಲದ ಕಡಲಿನಲ್ಲಿ ಬೆಂಗಾವಲಿಗೆ ಅರ್ಥವಿಲ್ಲ, ವಿಮೆಗೆ ಅರ್ಥವಿಲ್ಲ, ದೂರದ ಬಂದರಿಗಾಗಿ ಯುದ್ಧ ಮಾಡುವುದಕ್ಕೂ ಅರ್ಥವಿಲ್ಲ. ತಪ್ಪು ಕಳ್ಳರ ಸಂಖ್ಯೆಯಲ್ಲಿಲ್ಲ. ಆಟದ ಕಳ್ಳನಿಗೆ ಹಸಿವಿಲ್ಲ, ಅವನ ಹಡಗಿಗೆ ಪಾಚಿ ಹಿಡಿಯುವುದಿಲ್ಲ, ಕದ್ದ ಮಾಲನ್ನು ಯಾರಿಗೆ ಮಾರಬೇಕು ಎಂಬ ಚಿಂತೆಯೂ ಇಲ್ಲ. 'ಎಂಪೈರ್'ನಲ್ಲಿ ಯಾವ ದಂಡಾದರೂ ಎಷ್ಟು ಸರದಿ ಬೇಕಾದರೂ ನಡುಗಡಲಿನಲ್ಲಿ ಲಂಗರು ಹಾಕಿ ನಿಲ್ಲಬಹುದು. ಏಟು ತಿಂದರೆ ಮಾತ್ರ ಬಂದರು ಬೇಕು.

ಎದುರಿಗಿರುವ ರಾಜ್ಯಗಳ ಎಐ ಕೂಡ ಕಳ್ಳರ ಬಲವನ್ನು ದೊಡ್ಡದಾಗಿ ಕಾಣಿಸುತ್ತದೆ. ಆಟ ಬಿಡುಗಡೆಯಾದಾಗ ಕಂಪ್ಯೂಟರ್ ನಡೆಸುವ ರಾಜ್ಯಗಳು ಸೈನ್ಯವನ್ನು ಹಡಗು ಹತ್ತಿಸಿ ಆಚೆ ದಡಕ್ಕೆ ಇಳಿಸುವುದನ್ನೇ ಮಾಡುತ್ತಿರಲಿಲ್ಲ. ಆ ಬುದ್ಧಿ ಬಂದದ್ದು ಕೆಲವು ತಿಂಗಳ ನಂತರದ ತಿದ್ದುಪಡಿಯಲ್ಲಿ. ಆಮೇಲೂ ಫ್ರಾನ್ಸ್ ಆಗಲಿ ಸ್ಪೇನ್ ಆಗಲಿ ತಮ್ಮ ಹಡಗುಗಳನ್ನು ಒಂದುಗೂಡಿಸುವುದಿಲ್ಲ. ಒಂದೊಂದೇ, ಎರಡೆರಡೇ ಕಳಿಸಿ ಕಳೆದುಕೊಳ್ಳುತ್ತವೆ. ನೆಲದ ಮೇಲೆ ದಾರಿಯಿದೆ, ಕಣಿವೆಯಿದೆ, ಸೇತುವೆಯಿದೆ. ಎಲ್ಲಿ ಕಾಯಬೇಕು ಎಂದು ಕಂಪ್ಯೂಟರಿಗೆ ನಕ್ಷೆಯೇ ಹೇಳಿಕೊಡುತ್ತದೆ. ಕಡಲಿನಲ್ಲಿ ಅದನ್ನು ಹೇಳಿಕೊಡುವುದು ಗಾಳಿ, ಮತ್ತು ಆಟದ ಕ್ಯಾಂಪೇನ್ ನಕ್ಷೆಯಲ್ಲಿ ಗಾಳಿಯಿಲ್ಲ. ಈ ಕೊರತೆ ಮುಚ್ಚಲು ಆಟ ತಯಾರಕರು ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವುದೇ: ಕಂಪ್ಯೂಟರಿಗೆ ಯೋಚಿಸಲು ಕಲಿಸದೆ ಕೈಗೆ ಹೆಚ್ಚು ಹಣ, ಹೆಚ್ಚು ಹಡಗು ಕೊಡುವುದು. ಬಲಾಢ್ಯ ಕಡಲ್ಗಳ್ಳ ಹುಟ್ಟಿದ್ದು ಈ ಜಾಗದಲ್ಲಿ.

ನಿಜದ ಕಡಲ್ಗಳ್ಳ ಹೇಗೆ ಗೆಲ್ಲುತ್ತಿದ್ದ, ಹೇಗೆ ಸೋಲುತ್ತಿದ್ದ ಎಂಬುದಕ್ಕೆ ನಾನು ಮತ್ತೆ ಮತ್ತೆ ತೆರೆಯುವ ಪುಸ್ತಕ 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು, ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಎಂಬ ಹೆಸರಿನಲ್ಲಿ ಬಂದ ಕಡಲ್ಗಳ್ಳರ ಚರಿತ್ರೆ. ಅದರಲ್ಲಿ ಬಾರ್ಥೊಲೊಮ್ಯೂ ರಾಬರ್ಟ್ಸ್‌ನ ಅಧ್ಯಾಯವನ್ನು ನೌಕಾ ಎಐ ಬರೆಯುವ ಪ್ರತಿಯೊಬ್ಬರೂ ಓದಬೇಕು. ರಾಬರ್ಟ್ಸ್ ಹಿಡಿದ ಹಡಗುಗಳು ನಾನೂರಕ್ಕೂ ಹೆಚ್ಚು ಎನ್ನುತ್ತಾರೆ. ಅವನ ಹಡಗಿಗೆ ಒಂದು ಕಟ್ಟಳೆಯಿತ್ತು. ಮುಖ್ಯ ವಿಷಯಗಳಲ್ಲಿ ಪ್ರತಿಯೊಬ್ಬನಿಗೂ ಒಂದು ಮತ. ರಾತ್ರಿ ಎಂಟಕ್ಕೆ ದೀಪ ಆರಬೇಕು. ಹಣ ಕಟ್ಟಿ ಜೂಜಾಡುವಂತಿಲ್ಲ. ಲೂಟಿಯಲ್ಲಿ ನಾಯಕನಿಗೆ ಎರಡು ಪಾಲು, ಕೆಳಗಿನ ಅಧಿಕಾರಿಗಳಿಗೆ ಒಂದೂವರೆ, ಒಂದೂಕಾಲು, ಉಳಿದವರಿಗೆ ಒಂದು. ಕೈಕಾಲು ಕಳೆದುಕೊಂಡವನಿಗೆ ಸಾಮಾನ್ಯ ನಿಧಿಯಿಂದ 800 ಡಾಲರ್ ಪರಿಹಾರ. ಅಷ್ಟು ಲೆಕ್ಕವಿಟ್ಟು ನಡೆಯುವ ಜನ ಯುದ್ಧನೌಕೆಯ ಎದುರು ಸಾಲುಗಟ್ಟಿ ನಿಲ್ಲುತ್ತಾರೆಯೇ?

ಅವನ ಕೊನೆ 1722ರ ಫೆಬ್ರುವರಿಯಲ್ಲಿ, ಇಂದಿನ ಗಬಾನ್ ದೇಶದ ಕೇಪ್ ಲೋಪೆಜ್ ಬಳಿ. ಐದನೆಯ ತಾರೀಖು ಬ್ರಿಟಿಷ್ ನೌಕೆ 'ಸ್ವಾಲೋ' ಅಲ್ಲಿಗೆ ಬಂದಾಗ ಅವನ ಮೂರು ಹಡಗುಗಳು ತಳ ಕೆರೆಸಿಕೊಳ್ಳುತ್ತಿದ್ದವು. ಉಷ್ಣವಲಯದ ನೀರಿನಲ್ಲಿ ಮರದ ತಳಕ್ಕೆ ಪಾಚಿ, ಚಿಪ್ಪು ಹತ್ತುತ್ತವೆ, ಹುಳು ಕೊರೆಯುತ್ತದೆ, ವೇಗ ಇಳಿಯುತ್ತದೆ. ಕಳ್ಳನ ಬಂಡವಾಳವೇ ವೇಗ. ಆದ್ದರಿಂದ ಆಗಾಗ ಯಾವುದಾದರೂ ಮರೆಯ ಕೊಲ್ಲಿಯಲ್ಲಿ ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ ಕೆರೆಯಲೇಬೇಕು. ಆ ಹೊತ್ತಿನಲ್ಲಿ ಎಷ್ಟು ದೊಡ್ಡ ಹಡಗಾದರೂ ಅಸಹಾಯಕ.

'ಸ್ವಾಲೋ'ದ ನಾಯಕ ಚಾಲೊನರ್ ಓಗ್ಲ್ ನೇರ ನುಗ್ಗಲಿಲ್ಲ. ನುಗ್ಗಲು ನಡುವೆ ಮರಳದಿಬ್ಬವಿತ್ತು, ಅದನ್ನು ತಪ್ಪಿಸಲು ಹಡಗನ್ನು ಹೊರಕ್ಕೆ ತಿರುಗಿಸಿದ. ದಡದಲ್ಲಿದ್ದವರಿಗೆ ಅದು ಹೆದರಿ ಓಡುವ ವ್ಯಾಪಾರಿ ಹಡಗಿನಂತೆ ಕಂಡಿತು. ಕಳ್ಳರ ಮೂರು ಹಡಗುಗಳಲ್ಲಿ ಒಂದಾದ 'ರೇಂಜರ್' ಬೆನ್ನಟ್ಟಿತು. ಓಗ್ಲ್ ಆ ತಪ್ಪು ತಿಳಿವಳಿಕೆಯನ್ನು ಹಾಗೇ ಬೆಳೆಯಗೊಟ್ಟ. ಓಡುವವನಂತೆ ನಟಿಸುತ್ತಾ, ತೋಪಿನ ಸದ್ದು ಹಿಂದೆ ಉಳಿದವರಿಗೆ ಕೇಳಿಸದಷ್ಟು ದೂರ ಅದನ್ನು ಸೆಳೆದುಕೊಂಡು ಹೋಗಿ, ಆಮೇಲೆ ತೋಪಿನ ಬಾಗಿಲುಗಳನ್ನು ತೆರೆದ. ಐದು ದಿನ ಕಳೆದು ಹಿಂತಿರುಗಿದಾಗ ರಾಬರ್ಟ್ಸ್‌ನ ಜನರಲ್ಲಿ ಹಲವರು ಹಿಂದಿನ ದಿನ ಸಿಕ್ಕ ಹಡಗಿನ ಮದ್ಯದ ಅಮಲಿನಲ್ಲಿದ್ದರು. ಮೊದಲ ಸುತ್ತುಗಳಲ್ಲೇ ಚರೆಗುಂಡು ತಗುಲಿ ರಾಬರ್ಟ್ಸ್ ಸತ್ತ. ಸೆರೆಯಾದವರಲ್ಲಿ 52 ಮಂದಿಯನ್ನು ಕೇಪ್ ಕೋಸ್ಟ್ ಕೋಟೆಯಲ್ಲಿ ಗಲ್ಲಿಗೇರಿಸಿದರು.

ನಾನು ಆಡಿದ ಯಾವ ಚಾರಿತ್ರಿಕ ತಂತ್ರದಾಟದ ಕಂಪ್ಯೂಟರೂ ಸೋತವನಂತೆ ನಟಿಸಿ ನನ್ನನ್ನು ದೂರ ಎಳೆದೊಯ್ದಿಲ್ಲ. ಯಾವ ಕಳ್ಳರ ದಂಡೂ ತಳ ಕೆರೆಯಲು ಕೊಲ್ಲಿ ಹುಡುಕಿಲ್ಲ. ಈ ಎರಡು ಸೇರಿಸಿದರೆ ಸಾಕು, ಕಳ್ಳರ ಹಡಗುಗಳ ಸಂಖ್ಯೆಯನ್ನು ಮುಟ್ಟಬೇಕಿಲ್ಲ.

ಸರಿಯಾದ ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ಸಿಡ್ ಮೈಯರ್‌ನ 1987ರ 'ಪೈರೇಟ್ಸ್!' ಆಟದಲ್ಲಿ ಗಾಳಿಯೇ ಎಲ್ಲ. ಯಾನ ಉದ್ದವಾದಷ್ಟೂ ಜನ ಗೊಣಗುತ್ತಾರೆ, ಒಂದು ದಿನ ಲೂಟಿ ಹಂಚಲೇಬೇಕು, ಹಂಚಿದ ಮೇಲೆ ದಂಡೇ ಚದುರುತ್ತದೆ. 2013ರ 'ಯೂರೋಪಾ ಯೂನಿವರ್ಸಾಲಿಸ್ 4' ಕಳ್ಳತನವನ್ನು ವ್ಯಾಪಾರದ ಹರಿವಿನಿಂದ ಸೋರಿಹೋಗುವ ಪಾಲಾಗಿ ನೋಡಿತು. ಕದನದ ಅಬ್ಬರ ಬೇಕೆನ್ನುವವರಿಗೆ ಅದು ಸಪ್ಪೆ. ನನಗೆ ಅದು ಸತ್ಯಕ್ಕೆ ಹೆಚ್ಚು ಹತ್ತಿರ.

ಇಲ್ಲಿಂದ ಮುಂದೆ ವಿಮೆಯ ದರ, ಬೆಂಗಾವಲಿನ ಲೆಕ್ಕ ಬರೆಯಬೇಕೆಂದಿದ್ದೆ. ಅದಕ್ಕಿಂತ ದೊಡ್ಡ ವಿಷಯ ನಮ್ಮದೇ ಕರಾವಳಿಯಲ್ಲಿದೆ, ಲೆಕ್ಕ ಇನ್ನೊಂದು ವಾರ ನೋಡೋಣ.

'ಎಂಪೈರ್'ನಲ್ಲಿ ಮರಾಠರನ್ನು ಆಡಬಹುದು. ಅವರ ನಿಜವಾದ ಸಮುದ್ರಬಲ ಆಂಗ್ರೆಗಳದು. ಕಾನ್ಹೋಜಿ ಆಂಗ್ರೆಗೆ ಮರಾಠರು ಕೊಟ್ಟ ಪದವಿ ಸರಖೇಲ್, ಅಂದರೆ ನೌಕಾಧಿಪತಿ. ಇಂಗ್ಲಿಷ್ ಕಂಪನಿಯ ಕಾಗದಗಳಲ್ಲಿ ಅವನು ಕಡಲ್ಗಳ್ಳ. ತನ್ನ ಪರವಾನಗಿ ಪಡೆಯದ ಹಡಗುಗಳನ್ನು ಅವನು ಹಿಡಿಯುತ್ತಿದ್ದ. ಪೋರ್ಚುಗೀಸರು ಎರಡು ಶತಮಾನಗಳಿಂದ ಅದೇ ಕೆಲಸವನ್ನು ಕರ್ತಾಜ್ ಎಂಬ ಪರವಾನಗಿಯ ಹೆಸರಿನಲ್ಲಿ ಮಾಡಿದ್ದರು. ಅವನ ಗುರಾಬು, ಗಲ್ಬತ್ತು ಹಡಗುಗಳ ಬಲವಿದ್ದದ್ದು ವಿಜಯದುರ್ಗ, ಸುವರ್ಣದುರ್ಗಗಳಂಥ ಕೋಟೆಗಳ ನೆರಳಿನಲ್ಲಿ. 1756ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನಾನಿಗಳಾದ ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗಕ್ಕೆ ಬಂದಾಗ ಕಾನ್ಹೋಜಿಯ ಮಗ ತುಳಾಜಿ ಆಂಗ್ರೆಯ ದಂಡು ಬಂದರಿನೊಳಗೇ ಇತ್ತು. ಹಿಂದೊಮ್ಮೆ ಕಂಪನಿಯಿಂದ ಕಸಿದುಕೊಂಡಿದ್ದ 'ರೆಸ್ಟೊರೇಶನ್' ಹಡಗಿಗೆ ಗುಂಡು ಬಿದ್ದು ಹೊತ್ತಿದ ಬೆಂಕಿ ಪಕ್ಕಪಕ್ಕದಲ್ಲಿ ಕಟ್ಟಿದ್ದ ಹಡಗುಗಳಿಗೆಲ್ಲ ಹಬ್ಬಿತು. ಒಂದು ತಲೆಮಾರಿನ ಸಮುದ್ರಬಲ ಲಂಗರು ಹಾಕಿದ ಜಾಗದಲ್ಲೇ ಉರಿದುಹೋಯಿತು.

ಇದಕ್ಕೂ ಎರಡೂವರೆ ಶತಮಾನ ಹಿಂದೆ ಶರಾವತಿಯ ಅಳಿವೆಯಲ್ಲಿ, ಹೊನ್ನಾವರದಲ್ಲಿ, ತಿಮ್ಮೋಜನಿದ್ದ. ಪೋರ್ಚುಗೀಸರು ಅವನನ್ನು ತಿಮೋಜಾ ಎಂದು ಬರೆದರು. ವಿಜಯನಗರದ ಕಡೆಯವನು, ವೈರಿ ಸುಲ್ತಾನರಿಗೆ ಹೋಗುವ ಕುದುರೆ ಹಡಗುಗಳು ಅವನ ಬೇಟೆ. ದಕ್ಖನ್ನಿನ ಯುದ್ಧಗಳು ನಡೆಯುತ್ತಿದ್ದದ್ದೇ ಅರಬ್ ಮತ್ತು ಪರ್ಷಿಯಾದ ಕುದುರೆಗಳ ಮೇಲೆ. ಅವು ಯಾವ ಬಂದರಿನಲ್ಲಿ ಇಳಿಯುತ್ತವೆ ಎಂಬುದರ ಮೇಲೆ ಒಳನಾಡಿನ ಬಲಾಬಲ ನಿಂತಿತ್ತು. ಹಾಗಾಗಿ ಹೊನ್ನಾವರದ ನಾಲ್ಕಾರು ಹಗುರ ಹಡಗುಗಳ ಕೆಲಸ ನೂರಾರು ಮೈಲಿ ಆಚೆಯ ರಣರಂಗಕ್ಕೆ ತಟ್ಟುತ್ತಿತ್ತು. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಹೊನ್ನಾವರಕ್ಕೆ ನುಗ್ಗಿ ಹಡಗು ಸುಟ್ಟ. ತಿಮ್ಮೋಜ ಸಂಧಿಗೆ ಬಂದ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನ ದೃಷ್ಟಿಯನ್ನು ಗೋವೆಯ ಕಡೆ ತಿರುಗಿಸಿದವನು ಅವನೇ. ಗೋವೆ ಒಮ್ಮೆ ಸಿಕ್ಕಿ, ಕೈತಪ್ಪಿ, ಅದೇ ವರ್ಷದ ನವೆಂಬರ್ 25ರಂದು ಮತ್ತೆ ಪೋರ್ಚುಗೀಸರ ವಶವಾಯಿತು. ಕಡಲ್ಗಳ್ಳನೆನಿಸಿಕೊಂಡಿದ್ದವನ ಕೈಗೆ ಗೋವೆಯ ಸುತ್ತಲಿನ ಭೂಮಿಯ ಕಂದಾಯ ವಸೂಲಿ ಬಂತು.

ಈ ಮನುಷ್ಯನನ್ನು ಯಾವ ಆಟದಲ್ಲಿ ಕೂರಿಸುವುದು? 'ಎಂಪೈರ್'ನ ಕಳ್ಳರು ಎಲ್ಲರ ಮೇಲೂ ಸದಾ ಯುದ್ಧದಲ್ಲಿರುವವರು, ಅವರೊಡನೆ ಸಂಧಿಯ ಮಾತೇ ಇಲ್ಲ. ತಿಮ್ಮೋಜನಿಗೆ ಒಬ್ಬ ರಾಜನ ಮರೆ ಬೇಕಿತ್ತು, ಕುದುರೆ ಕೊಳ್ಳುವವರು ಬೇಕಿತ್ತು, ಮುಂಗಾರಿನ ತಿಂಗಳುಗಳಲ್ಲಿ ಹಡಗು ಎಳೆದಿಡಲು ಅಳಿವೆ ಬೇಕಿತ್ತು. ಈ ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಅವನು ಸೋಲುತ್ತಾನೆ, ಒಂದನ್ನು ಕೊಟ್ಟರೆ ನಿಮ್ಮವನಾಗುತ್ತಾನೆ. ಬೀಡಾಡಿ ದಂಡಿನ ಮೇಲೆ ಗುಂಡು ಹಾರಿಸುವುದಕ್ಕಿಂತ ಎಷ್ಟು ಸೊಗಸಾದ ಆಟ ಇದು!

ಆದ್ದರಿಂದ ತಯಾರಕರಲ್ಲಿ ನನ್ನ ಕೋರಿಕೆ ಇಷ್ಟು. ಕಡಲ್ಗಳ್ಳರಿಗೆ ದ್ವೀಪ ಬೇಡ, ಬಿಟ್ಟಿ ಹಡಗು ಬೇಡ. ಪ್ರತಿ ಬಂದರಿಗೂ ಕದ್ದ ಮಾಲು ಕೊಳ್ಳುವ ಅಥವಾ ಬೇಡವೆನ್ನುವ ಆಯ್ಕೆ ಕೊಡಿ, ಅದರ ಲಾಭವನ್ನೂ ಬೈಗುಳವನ್ನೂ ಬಂದರಿನ ಒಡೆಯನ ಲೆಕ್ಕಕ್ಕೇ ಬರೆಯಿರಿ. ಮಳೆಗಾಲದ ಸರದಿಯಲ್ಲಿ ಪಶ್ಚಿಮ ಕರಾವಳಿಯ ಹಡಗುಗಳೆಲ್ಲ ಅಳಿವೆಯೊಳಗೆ ಸೇರಿಕೊಳ್ಳಲಿ. ಆಟ 1505ರ ಹೊನ್ನಾವರದಿಂದ ಶುರುವಾಗಲಿ: ಹೊಳೆಯ ಬಾಯಲ್ಲಿ ಅಲ್ಮೇಡಾನ ಹಡಗುಗಳು, ಒಳಗೆ ತಿಮ್ಮೋಜನವು, ಗೋವೆಗೆ ಹೊರಟ ಕುದುರೆಗಳು ಇನ್ನೂ ಹೊರ್ಮುಜ್‌ನಲ್ಲಿ.